ವೈನಿ ಓಡಿಸಿದ ಸಣ್ಣ ಕಂಪ್ಯೂಟರು

ಹೋದ ವಾರ ನಾನು ಕಲಿಸುವ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋದಾಗ ರಿಪೇರಿಯವನು ಹಳೆಯದೊಂದರ ಮುಚ್ಚಳ ತೆಗೆದು ಚಾಲೂ ಮಾಡಿದ್ದ. ಕಾದ ಧೂಳಿನ ವಾಸನೆ ಬಂತು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಬೆಳಗಾವಿಯ ಮಹಾಂತೇಶ ನಗರದ ಆ ಬಾಡಿಗೆ ಮನೆ, ಮೇಲಿನ ಮಹಡಿ, ವೈನಿ...

ನನ್ನ ಅಣ್ಣನ ಹೆಂಡತಿಯೇನಲ್ಲ ಅವರು. ನಾವು ಕೆಳಗೆ ಇದ್ದೆವು, ಅವರು ಮೇಲೆ. ಓಣಿಯವರೆಲ್ಲ ವೈನಿ ಎನ್ನುತ್ತಿದ್ದರು, ನಾನೂ ಅಂದೆ. ಸಿವಿಲ್ ಡಿಪ್ಲೊಮಾ ಮಾಡಿ, ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದವರು. ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ಆಫೀಸು ಬಿಟ್ಟರು. ಮನೆಯಲ್ಲೇ ಕೂತು ನಕ್ಷೆ ಮಾಡಿಕೊಡುತ್ತೇನೆಂದು ಕಂಪ್ಯೂಟರು ತಂದದ್ದು ಎರಡು ಸಾವಿರದ ಇಸವಿಯ ಆಸುಪಾಸು.

ಸಸ್ತಾದ್ದು, ಮಾನಿಟರಿನ ಕೆಳಗೆ ಅಡ್ಡ ಮಲಗುವಂಥ ಸಣ್ಣ ಪೆಟ್ಟಿಗೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ, ಕೂಡಿಸಲು ಜಾಗವೂ ಇರಲಿಲ್ಲ. ಚಿತ್ರ ಮೂಡಿಸುವುದನ್ನೂ ಒಳಗಿನ ಬೋರ್ಡೇ ಮಾಡಬೇಕು. ಗೆರೆಯ ನಕ್ಷೆಗೆ ಅಡ್ಡಿಯಿರಲಿಲ್ಲ. ಮನೆ ಎದ್ದು ನಿಂತಂತೆ ತೋರಿಸಿ ಸುತ್ತ ತಿರುಗಿಸಲು ಹೋದರೆ ಮಾತ್ರ ಕಲ್ಲಿನಂತೆ ನಿಂತುಬಿಡುತ್ತಿತ್ತು.

ಯಾವುದೋ ಪತ್ರಿಕೆಯಲ್ಲಿ ಓವರ್‌ಕ್ಲಾಕಿಂಗ್ ಬಗ್ಗೆ ಓದಿದರು. ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಯಂತ್ರವನ್ನು ಓಡಿಸುವುದು. ಅತ್ತೆಗೆ ಉಣ್ಣಿಸಿ, ಮಗ್ಗುಲು ಬದಲಿಸಿ ಮಲಗಿಸಿ, ಮಧ್ಯಾಹ್ನ ಅದರ ಮುಂದೆ ಕೂರುವರು. ವೇಗ ತುಸು ಏರಿಸುವುದು, ಪರದೆ ಕಪ್ಪಾಗಿಯೇ ಉಳಿಯುವುದು, ಹಳೆಯ ವೇಗಕ್ಕೆ ಮರಳಲೆಂದು ಒಳಗಿನ ಗುಂಡು ಬ್ಯಾಟರಿ ತೆಗೆದು ಮತ್ತೆ ಕೂಡಿಸಿ, ಮೊದಲಿನಿಂದ ಶುರು. ವೇಗ ಏರಿದಷ್ಟೂ ಪೆಟ್ಟಿಗೆ ಕಾದು ಬಿಸಿಯಾಗುತ್ತಿತ್ತು. ಮುಚ್ಚಳ ತೆಗೆದಿಟ್ಟು, ಮನೆಗಿದ್ದ ಒಂದೇ ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿ, ತಾವು ಬೆವರುತ್ತಾ ಕೂರುತ್ತಿದ್ದರು.

ನೋಡಿ ನೋಡಿ ನನಗೇ ದಣಿವಾಗುತ್ತಿತ್ತು. “ಸಾಕ ಬಿಡ್ರಿ ವೈನಿ,” ಅಂದೆ ಒಮ್ಮೆ.

“ಸಾಕ ಅಂದ್ರ ಮತ್ತ ಅಡಗಿಮನಿನ ಬಂತಲ್ಲವಾ,” ಎಂದರು, ತಲೆ ಎತ್ತದೆ.

ಅಷ್ಟರಲ್ಲಿ ಖಾನಾಪುರದ ಕೆಲಸ ಬಂತು. ಕುರಿ ಸಾಕಿಕೊಂಡು ಬಂದ ಮನೆತನ; ಮಗನಿಗೆ ನೌಕರಿ ಸಿಕ್ಕು, ಹಳೆಯದನ್ನು ಕೆಡವಿ ಹೊಸ ಮನೆ ಕಟ್ಟುವವರಿದ್ದರು. ನಕ್ಷೆ ಮಗನಿಗೆ ಹಿಡಿಸಿತು, ತಾಯಿ ಒಪ್ಪಲಿಲ್ಲ. ಈ ಗೆರೆಯೊಳಗೆ ಮನೆ ಎಲ್ಲಿದೆ ಎಂದು ಕೇಳಿದರಂತೆ. ಬೆಳಗಾವಿಯವರೆಗೆ ಬಂದು ನೋಡಲು ಅವರಿಗೆ ಮೊಣಕಾಲು ನೋವು. ಅವರು ಒಪ್ಪದಿದ್ದರೆ ಕೆಲಸ ಬೇರೆಯವರ ಪಾಲು. ವೈನಿಯ ಕೈಗೆ ಸ್ವಂತವಾಗಿ ಬಂದ ಮೊದಲ ಮನೆ ಅದು.

“ಇದನ್ನ ಅಲ್ಲೇ ಒಯ್ಯೂಣು,” ಎಂದರು, ಕಂಪ್ಯೂಟರು ತೋರಿಸಿ. “ಎದ್ದು ನಿಂತ ಮನೀನ ತೋರಸೂಣು.”

ನನಗೆ ಬೇಸಿಗೆಯ ರಜೆ. ಅವರ ಗಂಡ ಗೊಣಗುತ್ತಲೇ ರಜೆ ಹಾಕಿ ತಾಯಿಯ ಹತ್ತಿರ ಉಳಿದರು. ಬಸ್ಸಿನಲ್ಲಿ ಕೌದಿ ಸುತ್ತಿದ ಪೆಟ್ಟಿಗೆ ವೈನಿಯ ತೊಡೆಯ ಮೇಲೆ, ಮಾನಿಟರು ನನ್ನ ತೊಡೆಯ ಮೇಲೆ. ಖಾನಾಪುರ ಮುಟ್ಟುವಷ್ಟರಲ್ಲಿ ನನ್ನ ಕಾಲುಗಳು ಜೋಮು ಹಿಡಿದಿದ್ದವು.

ಆ ತಾಯಿಯನ್ನು ಮನೆಯಲ್ಲೆಲ್ಲ ಆಯಿ ಎನ್ನುತ್ತಿದ್ದರು. ಕಂಬಕ್ಕೆ ಒರಗಿ ಕೂತು, ವೈನಿ ವಾಯರು ಜೋಡಿಸುವುದನ್ನೇ ನೋಡುತ್ತಿದ್ದರು.

“ಅದರ ಮುಚ್ಚಳಾ ಯಾಕ ತಗದೀವಾ?”

“ಅದಕ್ಕ ಭಾಳ ಸೆಕಿ ಆಗತೈತ್ರಿ ಆಯಿ.”

ಆ ಮನೆಯಲ್ಲಿ ಫ್ಯಾನಿರಲಿಲ್ಲ. ಆಯಿ ತಮ್ಮ ಬೀಸಣಿಗೆ ತೆಗೆದುಕೊಂಡು ಹತ್ತಿರ ಸರಿದು, ಕೂಸಿಗೆ ಹಾಕುವಂತೆ ಯಂತ್ರಕ್ಕೆ ಗಾಳಿ ಹಾಕತೊಡಗಿದರು. ಯಾರೂ ನಗಲಿಲ್ಲ.

ಪರದೆಯ ಮೇಲೆ ಮನೆ ಎದ್ದಿತು. ತಡೆದು ತಡೆದು, ಆದರೂ ತಿರುಗಿತು. ವೈನಿ ಬಾಗಿಲಿನಿಂದ ಒಳಗೆ ಕರೆದೊಯ್ದರು, ಒಲೆಯ ಜಾಗ ತೋರಿಸಿದರು, ಹೊರಗೆ ತಂದರು.

“ಖರೇನ ಮನಿ ಆತಲ್ಲ ಇದು!” ಎಂದರು ಆಯಿ. “ಕಟ್ಟಿ ಎಲ್ಲೈತಿ? ಸಂಜಿಮುಂದ ಕುರಿ ಬರೂದ ನೋಡಾಕ ನಾ ಎಲ್ಲಿ ಕುಂದರಲಿ?”

ವೈನಿ ಅಲ್ಲೇ ಕಟ್ಟೆ ಕೂಡಿಸಿದರು. ಇನ್ನೊಮ್ಮೆ ತಿರುಗಿಸುವಾಗ ಪರದೆಯ ತುಂಬ ಗೀಟುಗಳು ಎದ್ದು ಎಲ್ಲವೂ ಕಪ್ಪಾಯಿತು. ವೈನಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಯಿ ಬೀಸಣಿಗೆ ಕೆಳಗಿಟ್ಟರು. “ಮಲಗಿತೇನು? ಮಲಗ್ಲಿ ಬಿಡು, ದಣದೈತಿ. ನಾ ನೋಡೂದ ನೋಡೇನಿ.” ಆಮೇಲೆ ಮಗನ ಕಡೆ ತಿರುಗಿ, “ಇಕಿ ಹೇಳಿದಂಗನ ಕಟ್ಟಸು,” ಎಂದರು.

ಮರಳುವಾಗ ವೈನಿ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಬೆಳಗಾವಿಯವರೆಗೆ ನಿದ್ದೆ ಮಾಡಿದರು. ಮನೆಯ ಬಾಗಿಲಲ್ಲಿ ಗಂಡ, “ಏನಾತು?” ಎಂದರು. “ಆತು,” ಎಂದರು ವೈನಿ. ಒಳಗಿನಿಂದ ಅತ್ತೆ ನರಳುವುದು ಕೇಳಿತು. ಸೆರಗು ಸಿಕ್ಕಿಸಿಕೊಂಡು ಹೋದರು.

ವೇಗವನ್ನು ಮೊದಲಿನಷ್ಟಕ್ಕೇ ಇಳಿಸಿದ ಮೇಲೆ ಯಂತ್ರ ಚಾಲೂ ಆಯಿತು. ಖಾನಾಪುರದಲ್ಲಿ ಕಟ್ಟೆ ಸಮೇತ ಮನೆಯೂ ಎದ್ದಿತು. ಆದರೆ ವೈನಿ ಮತ್ತೆ ವೇಗ ಏರಿಸಲಿಲ್ಲ. “ಎಷ್ಟಂತ ಓಡಸೂದವಾ...” ಎಂದಿದ್ದರು. ಅತ್ತೆ ಇನ್ನೂ ಬಹಳ ವರ್ಷ ಹಾಸಿಗೆಯಲ್ಲೇ ಇದ್ದರು. ನಕ್ಷೆ ಕೇಳಿಕೊಂಡು ಬರುವವರು ಕಡಿಮೆಯಾದರು. ನನಗೂ ಬೇರೆ ಊರಿಗೆ ವರ್ಗವಾಯಿತು, ಹೋಗಿ ಬರುವುದು ತಪ್ಪಿತು...

ಮೊನ್ನೆ ಭಾನುವಾರ ಮನಸ್ಸು ತಡೆಯದೆ ಮಹಾಂತೇಶ ನಗರಕ್ಕೆ ಹೋದೆ. ಅವರ ಗಂಡ ಬಾಗಿಲು ತೆಗೆದರು. ವೈನಿ ತೀರಿಕೊಂಡು ವರ್ಷದ ಮೇಲಾಯಿತಂತೆ. ನನಗೆ ಹೇಳುವವರಾದರೂ ಯಾರಿದ್ದರು?

“ಬರ್ರಿ ಟೀಚರ, ಕುಂದರ್ರಿ,” ಎಂದು ಕುರ್ಚಿ ಎಳೆದು ಹಾಕಿದರು. ಆಮೇಲೆ ಕೇಳಿದರು: “ಜಡ್ಡಿನಾಗ ಅಕಿ ಖಾನಾಪುರ, ಖಾನಾಪುರ ಅಂತಿದ್ಲು. ನೀವಿಬ್ರೂ ಹೋಗಿದ್ರಲ್ಲ... ಅವತ್ತ ಏನಾತ್ರಿ ಅಲ್ಲಿ?”

ವೈನಿಯ ಬಾಯಿಂದ ಬರಬೇಕಾಗಿದ್ದ ಮಾತುಗಳನ್ನು ನಾನು ಹೇಳಿದೆ. ಬಸ್ಸು ಹತ್ತಿದ್ದರಿಂದ ಹಿಡಿದು ಎಲ್ಲವನ್ನೂ.

ಮುಗಿದ ಮೇಲೆ ಅವರು, “ಇನ್ನೊಮ್ಮೆ ಹೇಳ್ರಿ,” ಎಂದರು.