ರಾಜನ ಒಂದು ನೆಗೆತ

ನನ್ನ ಅಕ್ಕ ಮಹಾದೇವಕ್ಕನಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಹಳಿಯಾಳದ ನಮ್ಮ ಹಿಟ್ಟಿನ ಗಿರಣಿಯಲ್ಲಿ ಜೋಳ ಸುರಿಯುತ್ತಲೇ ಯಂತ್ರದ ಪಟ್ಟಾದ ಮೇಲೆ ಕಣ್ಣಿಡುವಳು, ಗಿರಾಕಿಗಳನ್ನು ಗದರುವಳು, ಅದರ ನಡುವೆಯೇ ಒಳಗೆ ಹೋಗಿ ಗೂಡಿನಲ್ಲಿ ಹಾಸಿಟ್ಟ ಚದುರಂಗವನ್ನು ಒಮ್ಮೆ ದಿಟ್ಟಿಸಿ ಬರುವಳು. ಕಾಯಿಗಳ ಮೇಲೆ ಹಿಟ್ಟು ಕೂತರೆ ಯಾರಾದರೂ ಊದಬಹುದಿತ್ತು, ಮುಟ್ಟುವಂತಿರಲಿಲ್ಲ. ನಾನೊಮ್ಮೆ ಆನೆಯನ್ನು ಒರೆಸಲು ಹೋಗಿ ಬೈಸಿಕೊಂಡದ್ದು ಓಣಿಗೆಲ್ಲ ಕೇಳಿಸಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ಗಂಡ ತೀರಿಕೊಂಡ ಮೇಲೆ ಅಕ್ಕ ತವರಿಗೆ ಬಂದು ಗಿರಣಿ ಹಿಡಿದಿದ್ದಳು. ಅವಳಿಗೆ ಆಟ ಕಲಿಸಿದವನು ಅಪ್ಪ, ಶಿವಲಿಂಗಪ್ಪ. ಅಂಚೆಯ ಮೂಲಕ ಚದುರಂಗ ಆಡಬಯಸುವವರ ವಿಳಾಸಗಳು ಒಂದು ವಾರಪತ್ರಿಕೆಯಲ್ಲಿ ಬರುತ್ತಿದ್ದವು. ಅಲ್ಲಿ ಅಕ್ಕನಿಗೆ ಸಿಕ್ಕವನು ದಾಂಡೇಲಿಯ ಬಂಗೂರನಗರದ ಇನಾಸ. ಸಿದ್ದಿ ಜನಾಂಗದವನು, ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ. ಚರ್ಚಿನ ಪಾದ್ರಿಯೊಬ್ಬರು ಅವನಿಗೆ ಪುಸ್ತಕ ಹಿಡಿದು ಆಟ ಕಲಿಸಿದ್ದರಂತೆ. ಒಂದು ಕಾರ್ಡಿನಲ್ಲಿ ಒಂದು ನಡೆ, ಜೊತೆಗೆ ಕ್ಷೇಮ ಸಮಾಚಾರದ ಎರಡು ಸಾಲು. ಕಾರ್ಡಿನ ಮೇಲೆ ನಡೆಯ ಅಂಕಿಗಳನ್ನು ನೋಡಿದ ನಮ್ಮ ಪೋಸ್ಟಮನ್ ಉಳವಪ್ಪ, ಇವರು ಮಟ್ಕಾ ನಂಬರು ಕಳಿಸುತ್ತಿದ್ದಾರೆಂದು ಬಹಳ ದಿನ ನಂಬಿದ್ದ.

ದಾಂಡೇಲಿ ಏನು ದೂರದ ಊರೇ? ಬಸ್ಸು ಹತ್ತಿ ಹೋಗಿ ಒಂದು ಮಧ್ಯಾಹ್ನದಲ್ಲಿ ಆಡಿ ಮುಗಿಸಬಾರದೇ ಎಂದು ನಾನು ರೇಗುತ್ತಿದ್ದೆ. ಎದುರಿಗೆ ಕೂತರೆ ಮುಖ ನೋಡಿ ಆಡಬೇಕಾಗುತ್ತದೆ, ಕಾರ್ಡಿನಲ್ಲಾದರೆ ಆಟವೊಂದೇ ಇರುತ್ತದೆ ಎಂಬುದು ಅವಳ ವಾದ. ಅದಕ್ಕೆ ಅದರದೇ ರೀತಿ ರಿವಾಜು ಬೇರೆ. ಕಾರ್ಡು ಬಂದರೆ ಬೇಗ ಉತ್ತರಿಸಬೇಕು. ಸೋಲು ಕಂಡಿತೆಂದು ಎದುರಿನವರನ್ನು ಸತಾಯಿಸಬಾರದು. ಇನ್ನೊಬ್ಬರ ಬುದ್ಧಿ ಕೇಳಬಾರದು. ಡಬ್ಬಿಗೆ ಹಾಕಿದ ನಡೆ ಹಾಕಿದ್ದೇ. ಆಗದ ನಡೆ ಬರೆದುಬಿಟ್ಟರೆ ಅದೇ ಕಾಯಿಯನ್ನು ಬೇರೆ ಮನೆಗೆ ನಡೆಸಬೇಕು. ಇಷ್ಟೆಲ್ಲ ಪಾಲಿಸಿಯೂ ಅಕ್ಕ ಇನಾಸನ ಮೇಲೆ ಒಂದು ಆಟವನ್ನೂ ಗೆದ್ದಿರಲಿಲ್ಲ. ಅವಳು ಸೋತ ವಾರ ನಮ್ಮ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಬೀಳುತ್ತಿರಲಿಲ್ಲ.

ಹೊಸದೊಂದು ಆಟ ಅರ್ಧಕ್ಕೆ ಬಂದಾಗ ಅಪ್ಪ ಹೋದ. ಅಕ್ಕ ಬರೆದ ಸುದ್ದಿ ಓದಿದ ಇನಾಸನ ಕಾರ್ಡಿನಲ್ಲಿ ಆ ಸಲ ನಡೆಯೇ ಇರಲಿಲ್ಲ. ನಡೆಯ ಸರದಿ ನನ್ನದಾದರೂ ತಡೆದಿದ್ದೇನೆ, ಮನಸ್ಸು ತಿಳಿಯಾದಾಗ ತಿಳಿಸಿ ಎಂದಿದ್ದ. ಅಕ್ಕ ಅಂದೇ ಉತ್ತರ ಬರೆದಳು: ಆಡಿರಿ, ಕಾಯುವುದು ನನ್ನಿಂದಾಗದು.

ಶ್ರಾವಣದ ಹೊತ್ತಿಗೆ ಅವಳ ರಾಜನನ್ನು ಇನಾಸ ಮೂಲೆಗೆ ಒತ್ತಿದ್ದ. ಆನೆ, ಮಂತ್ರಿ ಎರಡೂ ಬಾಗಿಲಿಗೆ ಬಂದು ನಿಂತಿದ್ದವು. ನಾನು ಆಟ ಮುಗಿಯಿತೆಂದುಕೊಂಡೆ. ಅಕ್ಕ ಮಾತ್ರ ಒಳಗೊಳಗೇ ನಗುತ್ತ ಕಾರ್ಡು ಬರೆದಳು. ಅವಳ ರಾಜ ಕುದುರೆಯ ಹಾಗೆ ಜಿಗಿದು ಬಲೆಯಿಂದ ಹೊರಗೆ ಬಿದ್ದಿದ್ದ. ಒಮ್ಮೆಯೂ ಶಹ, ಅಂದರೆ ಚೆಕ್, ಬೀಳದ ರಾಜ ಆಟಕ್ಕೊಂದು ಸಲ ಹಾಗೆ ನೆಗೆಯಬಹುದು, ನಮ್ಮ ಗಿರಣಿಯ ಕಟ್ಟೆಯ ಮೇಲೆ ಎಲ್ಲರೂ ಆಡುತ್ತಿದ್ದದ್ದು ಹಾಗೆಯೇ. ಹಿಂದಿನ ಆಟಗಳಲ್ಲಿ ಅವಳ ರಾಜನಿಗೆ ಮೊದಲೇ ಶಹ ಬಿದ್ದು ಆ ಅವಕಾಶ ಬಂದಿರಲಿಲ್ಲ. ಇನ್ನೆರಡು ನಡೆಗೆ ಅವಳ ಕಾಲಾಳು ಕೊನೆಯ ಮನೆ ಮುಟ್ಟಿ ಮಂತ್ರಿಯಾಗುತ್ತಿತ್ತು.

ಇನಾಸನ ಉತ್ತರ ಸೌಜನ್ಯದಿಂದಲೇ ಬಂತು. ಅಂಚೆ ಆಟದ ನಿಯಮದಲ್ಲಿ ಈ ನೆಗೆತವಿಲ್ಲ ಅಕ್ಕಾವರೇ, ಆದರೆ ಮೊದಲೇ ಕೇಳಿಕೊಳ್ಳದಿದ್ದುದು ನನ್ನ ತಪ್ಪೂ ಹೌದು. ನಿಮ್ಮ ತಂದೆಯವರು ಹಾಗೆ ಕಲಿಸಿದ್ದರೆ ನಡೆ ನಿಲ್ಲಲಿ, ನೀವು ಹೇಳಿದಂತೆ ಆಡುತ್ತೇನೆ ಎಂದು ಬರೆದಿದ್ದ.

ಅಕ್ಕ ಅಂದಿನಿಂದ ಗಿರಣಿಗೂ ಗೂಡಿಗೂ ಹರಿದಾಡಿದಳು. ಗೋಧಿಯ ಮೇಲೆ ಜೋಳ ಸುರಿದಳು. ನಡುವೆ ನಿಂತು ತನ್ನಷ್ಟಕ್ಕೆ ತಾನೇ ಬೈದುಕೊಂಡಳು. ಕಾರ್ಡು ಬರೆಯುವುದು, ಹರಿಯುವುದು. ನೋಡಿ ನೋಡಿ ನನಗೂ ತಲೆ ಕೆಟ್ಟಿತು.

"ಅಂವನ ಒಪ್ಪ್ಯಾನಲ್ಲ, ಮತ್ತ ಯಾಕ ಒದ್ದಾಡತಿ?" ಎಂದೆ.

"ಅಪ್ಪ ಸತ್ತಾನಂತ ಒಪ್ಪ್ಯಾನ. ಅದು ಗೆಲುವಲ್ಲ."

"ಹಂಗಾರ ಹಿಂದಕ್ಕ ತಗೋ."

"ತಗೊಂಡ್ರ ಅಪ್ಪ ಕಲಿಸಿದ್ದು ಸುಳ್ಳು ಅಂತ ನಾನ ನನ್ನ ಕೈಲೆ ಬರದಂಗಾಕ್ಕತಿ" ಎಂದಳು. ಆವರೆಗೂ ನನಗೆ ಅದು ಬರೀ ಆಟವಾಗಿತ್ತು. ಸ್ವಲ್ಪ ದಿನ ಸುಮ್ಮನಿದ್ದುಬಿಡು, ಅವನೇ ಮರೆಯುತ್ತಾನೆ ಎಂದೆ. ಸತಾಯಿಸುವ ಮಾತೆತ್ತಿದ್ದಕ್ಕೆ ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಕೊನೆಗೆ ಒಂದು ಬೆಳಗ್ಗೆ ಕಾರ್ಡು ಬರೆದು ನನ್ನ ಕೈಗೇ ಕೊಟ್ಟಳು. ನೆಗೆತ ಬಿಟ್ಟು ರಾಜ ಪಕ್ಕದ ಮನೆಗೆ ಒಂದೇ ಹೆಜ್ಜೆ ಇಟ್ಟಿದ್ದ, ಅಂದರೆ ಸೋಲಿಗೆ. ಅದರ ಕೆಳಗೆ ಎರಡು ಸಾಲು: ಈ ಆಟ ನಿಮ್ಮದು. ನೆಗೆತವೂ ಆಟದ್ದೇ, ಮುಂದಿನ ಆಟಕ್ಕೆ ಮೊದಲೇ ಮಾತಾಗಲಿ, ಅದು ನಿಮ್ಮ ರಾಜನಿಗೂ ಇರಲಿ, ನನ್ನ ರಾಜನಿಗೂ ಇರಲಿ. ಇನಾಸ ಒಪ್ಪಿಕೊಂಡ, ಆಟ ಚೆನ್ನಾಗಿತ್ತೆಂದೂ ಬರೆದ.

ಹೊಸ ಆಟದಲ್ಲಿ ಅಕ್ಕ ಮೊದಲಿನಿಂದಲೂ ಮೇಲುಗೈ ಸಾಧಿಸಿದಳು. ಚಳಿಗಾಲ ಬಂದಾಗ ಇನಾಸನ ರಾಜ ಅವಳ ಬಲೆಯಲ್ಲಿ ಸಿಕ್ಕಿಬಿದ್ದಿದ್ದ, ಇನ್ನೊಂದೇ ನಡೆ ಸಾಕಿತ್ತು. ಉಳವಪ್ಪ ಬರುವ ದಾರಿಗೆ ಅವಳು ದಿನಾ ಮೂಲೆಯವರೆಗೆ ಹೋಗಿ ನಿಲ್ಲುವಳು. ಕಾರ್ಡು ಬಂದ ದಿನ ಅಲ್ಲಿಯೇ ಓದಿದಳು, ಒಳಗೆ ಬಂದು ಕಾಯಿ ಸರಿಸಿದಳು. ಆವರೆಗೆ ಒಮ್ಮೆಯೂ ಶಹ ಬೀಳದಿದ್ದ ಇನಾಸನ ರಾಜ ಕುದುರೆಯಂತೆ ಜಿಗಿದು ಹೊರಗೆ ಹೋಗಿದ್ದ. ಜಿಗಿಯುತ್ತಲೇ ಹಿಂದಿದ್ದ ತನ್ನ ಆನೆಗೆ ದಾರಿ ಬಿಟ್ಟಿದ್ದ, ಆ ಆನೆ ಅಕ್ಕನ ರಾಜನ ಎದೆಗೇ ನೆಟ್ಟಿತ್ತು. ಎಷ್ಟು ನೋಡಿದರೂ ತಪ್ಪಿಸಿಕೊಳ್ಳುವ ಮನೆ ಇರಲಿಲ್ಲ.

ನಾನು ಬೈಗುಳಕ್ಕೆ ಸಿದ್ಧನಾದೆ. ಅಕ್ಕ ಚದುರಂಗದ ಹಾಸನ್ನೇ ನೋಡುತ್ತ ನಿಂತಿದ್ದಳು.

"ಅಪ್ಪನೂ ನನಗ ಹಿಂಗ ಸೋಲಸ್ತಿದ್ದ" ಎಂದಳು. ಅಂದವಳೇ ಸೆರಗು ಬಾಯಿಗೊತ್ತಿ ಅತ್ತಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಹೊರಗೆ ಗಿರಾಕಿಗಳು ಕೂಗುತ್ತಿದ್ದರು, ನಾನೇ ಹೋಗಿ ಜೋಳ ಸುರಿದೆ.