ಗರಟೆಯೊಳಗಿನ ಒಂಟಿ ಬತ್ತಿ

ದೀಪದ ಬತ್ತಿ ಹೊಸೆಯುವುದನ್ನು ನನಗೆ ಈಗ ಯಾರೂ ಹೇಳಿಕೊಡಬೇಕಾಗಿಲ್ಲ. ತೀರ್ಥಹಳ್ಳಿ ಕಡೆಯ ತವರಿನಲ್ಲಿ ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿ ಕೂರಿಸಿದಾಗ ಮೊದಲು ಕೈಗೆ ಬಂದ ಕೆಲಸವೇ ಅದು. ಹತ್ತಿಯ ಬೀಜ ತೆಗೆ, ಎಳೆ ಬಿಡಿಸು, ಬೆರಳಿಗೆ ಚೂರು ಬೂದಿ ಮುಟ್ಟಿಸಿಕೋ, ತೊಡೆಯ ಮೇಲಿಟ್ಟು ಹೊಸೆ. ಅಷ್ಟೇ. ಜೊತೆಗೆ ಅಮ್ಮ ಇನ್ನೊಂದು ಮಾತು ಹೇಳಿದ್ದಳು. ಒಂಟಿ ಬತ್ತಿ ಹಚ್ಚಬಾರದು, ಎರಡು ಸೇರಿಸಿಯೇ ಹಚ್ಚಬೇಕು. ಒಂಟಿ ಬತ್ತಿ ಉರಿಯುವುದು ಸತ್ತವರ ತಲೆಯ ಹತ್ತಿರ. ಏಕೆ ಎಂದು ನಾನು ಕೇಳಲಿಲ್ಲ. ಹಾಗೆಲ್ಲ ಕೇಳಿದರೆ ಬೆನ್ನಿಗೆ ಬೀಳುತ್ತಿತ್ತು.

ಇಷ್ಟು ಗೊತ್ತಿದ್ದವಳಿಗೆ ಬತ್ತಿಯ ವಿಷಯದಲ್ಲೇ ತಲೆ ಕೆಟ್ಟುಹೋಗುತ್ತದೆ ಎಂದರೆ ಯಾರು ನಂಬುತ್ತಾರೆ?

ನಾನಿರುವುದು ಹೊಸನಗರ ಪೇಟೆಯಲ್ಲಿ, ಮಗಳ ಮನೆಯಲ್ಲಿ. ಮಗಳು ಬಟ್ಟೆ ಹೊಲಿಯುತ್ತಿದ್ದವಳು. ಹೋದ ವರ್ಷ ಸೊಂಟ ಹಿಡಿದುಕೊಂಡಿತು. ಮಿಷನ್ ತುಳಿಯುವುದು ಬಿಡು, ಬಗ್ಗಿ ಕೂರುವುದೂ ಬಿಡು ಎಂದರು ಡಾಕ್ಟರು. ಬಿಟ್ಟು ಎಂತ ಮಾಡುವುದು ಎಂದು ಕೆಲವು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಸಾಗರದಲ್ಲಿ ಹೆಂಗಸರಿಗೆ ಕ್ಯಾಂಡಲ್ ಮಾಡುವ ತರಬೇತಿ ಇದೆ ಎಂದು ಕೇಳಿ ಹೋಗಿ ಕಲಿತು ಬಂದಳು. ತೆಂಗಿನ ಗರಟೆ ಉಜ್ಜಿ ನುಣ್ಣಗೆ ಮಾಡಿ, ಒಳಗೆ ಮೇಣ ಹೊಯ್ದು, ನಡುವೆ ಬತ್ತಿ ನಿಲ್ಲಿಸುವುದು.

ನಿಟ್ಟೂರಿನ ಆಚೆ ಹೋಂಸ್ಟೇ ನಡೆಸುವವನೊಬ್ಬ ಸ್ಯಾಂಪಲ್ ತೋರಿಸು ಎಂದಿದ್ದ. ಚೆನ್ನಾಗಿ ಉರಿದರೆ ವರ್ಷವಿಡೀ ಇವಳಿಂದಲೇ ತೆಗೆದುಕೊಳ್ಳುತ್ತಾನಂತೆ. ಆ ಕಡೆ ಮಳೆಗಾಲದಲ್ಲಿ ಕರೆಂಟಿಗಿಂತ ರಕ್ತ ಹೀರುವ ಉಂಬಳದ ಕಾಟವೇ ಹೆಚ್ಚು ಖಾಯಂ, ಕ್ಯಾಂಡಲ್ ಬೇಕೇ ಬೇಕು. ಈ ಆರ್ಡರ್ ಸಿಕ್ಕರೆ ಮಗಳು ಮಿಷನ್ ಮುಚ್ಚಿಡಬಹುದು. ಸಿಗದಿದ್ದರೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮತ್ತೆ ತುಳಿಯಬೇಕು.

ಬತ್ತಿ ಕೊರಿಯರ್‌ನಲ್ಲಿ ಬಂತು. ನಾನೇ ಹೊಸೆದು ಕೊಡುತ್ತಿದ್ದೆನಲ್ಲ ಎಂದೆ. ನಿನ್ನ ಬತ್ತಿ ಎಣ್ಣೆಯಲ್ಲಿ ಮಲಗುವಂಥದ್ದು, ಇದಕ್ಕೆ ನಿಲ್ಲುವಂಥದ್ದು ಬೇಕು ಎಂದಳು. ಪೊಟ್ಟಣ ಬಿಚ್ಚಿದರೆ ಅದು ಒಂದು ಬಗೆಯದಲ್ಲ. ಜಡೆಯಂತೆ ಹೆಣೆದ ಹತ್ತಿಯ ಬತ್ತಿ, ಅದರಲ್ಲೇ ಸಣ್ಣದು, ದಪ್ಪದು. ಒಳಗೆ ಕಾಗದದ ಎಳೆ ಇರುವುದೊಂದು. ಒಳಗೆ ತಂತಿ ಇರುವುದೊಂದು, ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುತ್ತದೆ. ಕೊನೆಗೆ ಐಸ್‌ಕ್ರೀಮ್ ಕಡ್ಡಿಯಂಥ ಮರದ ಚಕ್ಕೆ. ಇದು ಬತ್ತಿಯೋ ಸೌದೆಯೋ ಎಂದು ಕೇಳಿದೆ. ಮಗಳು ನಗಲಿಲ್ಲ.

"ನನಗೂ ತಲೆಬುಡ ತಿಳೀತಿಲ್ಲ ಅಮ್ಮ. ನೀನು ಜನ್ಮವಿಡೀ ಉರಿ ನೋಡ್ದೋಳು. ಯಾವ್ದು ಒಳ್ಳೇದು ಅಂತ ನೀನೇ ಆರ್ಸು" ಎಂದಳು.

ಬಗೆಗೊಂದು ಗರಟೆಯಂತೆ ಹಿತ್ತಿಲ ಕಟ್ಟೆಯ ಮೇಲೆ ಸಾಲಾಗಿಟ್ಟು ಹಚ್ಚಿದೆವು. ಸಣ್ಣ ಜಡೆ ತನ್ನ ಸುತ್ತ ತಾನೇ ಗುಂಡಿ ತೋಡಿಕೊಂಡು ಮುಳುಗಿ ಸತ್ತಿತು. ದಪ್ಪದ್ದು ಹೊಗೆ ಬಿಟ್ಟು, ತುದಿಗೆ ಕರಿ ಅಣಬೆಯಂಥದ್ದು ಕಟ್ಟಿಕೊಂಡಿತು. ಕಾಗದದ್ದು ಸೊಟ್ಟಗಾಯಿತು. ಮರದ್ದು ಚಟಪಟ ಎಂದು ಸದ್ದು ಮಾಡಿ ಆರಿತು. ತಂತಿಯದು ಮಾತ್ರ ನೆಟ್ಟಗೆ ನಿಂತು ಉರಿಯಿತು. ಇದೇ ಸೈ ಎಂದೆ.

ಮಾರನೆಯ ದಿನ ಬೇರೆ ಕೆಲವು ಗರಟೆಗಳಿಗೆ ತಂತಿಯದನ್ನೇ ಹಾಕಿದರೆ ಒಂದರಲ್ಲಿ ಮುಳುಗಿತು, ಇನ್ನೊಂದರಲ್ಲಿ ಹೊಗೆಯೋ ಹೊಗೆ. ನಿನ್ನೆ ಸತ್ತಿದ್ದ ಸಣ್ಣ ಜಡೆ ಮತ್ತೊಂದು ಗರಟೆಯಲ್ಲಿ ದೇವರ ಮುಂದಿನ ದೀಪದ ಹಾಗೆ ಉರಿಯಿತು. ಮೇಣ ಅದೇ, ಬತ್ತಿ ಅದೇ, ಬೆಂಕಿಪೊಟ್ಟಣವೂ ಅದೇ. ನನಗೆ ಮಂಕು ಕವಿದ ಹಾಗಾಯಿತು. ಮುಳುಗುತ್ತಿದ್ದುದನ್ನು ಕಡ್ಡಿಯಿಂದ ಮೇಲೆತ್ತಲು ಹೋದೆ. ದೀಪಕ್ಕೆ ಹಾಗೆ ಮಾಡುವ ಅಭ್ಯಾಸ.

"ರೂಮ್ ರೂಮಿಗೂ ಕಡ್ಡಿ ಹಿಡ್ಕೊಂಡು ನೀನೇ ಹೋಗ್ತೀಯಾ?" ಎಂದಳು ಮಗಳು.

ನನಗೆ ಹೊಳೆದದ್ದು ಒಂದೇ. ಒಂಟಿ ಬತ್ತಿ, ಅದಕ್ಕೇ ಏಳಿಗೆಯಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ದಪ್ಪ ಜಡೆಗಳನ್ನು ಸೇರಿಸಿ ಹೊಸೆದು, ಒಂದು ಗರಟೆಯಲ್ಲಿ ನಿಲ್ಲಿಸಿ ಮೇಣ ಹೊಯ್ದೆ. ಗಟ್ಟಿಯಾದ ಮೇಲೆ ಹಚ್ಚಿದರೆ ಉರಿ ಗೇಣುದ್ದ ಎದ್ದಿತು. ಗರಟೆಯ ಅಂಚು ಕರಕಲಾಗಿ ವಾಸನೆ ಬಂತು. ಮಗಳು ಓಡಿ ಬಂದು ತಪ್ಪಲೆ ಬೋರಲು ಹಾಕಿ ಆರಿಸಿದಳು. ಇಸ್ತ್ರಿಪೆಟ್ಟಿಗೆಗೆ ಕೆಂಡ ಮಾಡುತ್ತಿದ್ದೀಯಾ ಎಂದು ಕೇಳಿದಳು. ಹೊಲಿಯುವವಳಲ್ಲವೇ, ಗರಟೆ ಎಂದರೆ ಅವಳಿಗೆ ಇಸ್ತ್ರಿಯ ಕೆಂಡವೇ ನೆನಪಿಗೆ ಬರುವುದು.

ಆದರೆ ಸುಟ್ಟ ಗರಟೆಯನ್ನು ತಿರುಗಿಸಿ ನೋಡುತ್ತ ಕೂತವಳು, ಒಳಗೆ ಹೋಗಿ ಅಳತೆ ಟೇಪು ತಂದಳು. ರವಿಕೆಗೆ ಅಳತೆ ತೆಗೆದ ಹಾಗೆ ಎಲ್ಲ ಗರಟೆಗಳ ಬಾಯಿ ಅಳೆದಳು. ಒಂದರಂತೆ ಒಂದಿಲ್ಲ. ತೆಂಗಿನಕಾಯಿ ಏನು ಅಚ್ಚಿಗೆ ಹಾಕಿ ಮಾಡಿದ್ದೇ? ಕಿರಿದಾದ ಬಾಯಿಯವನ್ನು ಬೇರೆ, ಅಗಲ ಬಾಯಿಯವನ್ನು ಬೇರೆ ಮಾಡಿದಳು. ಕಿರಿದಕ್ಕೆ ಸಣ್ಣ ಜಡೆ ಒಂದು. ಅಗಲದ್ದಕ್ಕೆ ಅದೇ ಸಣ್ಣದು ಎರಡು, ಒಂದಕ್ಕೊಂದು ತಾಗದಷ್ಟು ದೂರ. ಎರಡೂ ಹದವಾಗಿ ಉರಿದವು.

ನಾನು ಹೇಳಿದ್ದೂ ಎರಡೇ ಅಲ್ಲವೇ ಎಂದೆ. ನೀನು ಹೇಳಿದ್ದು ಬೇರೆ, ಇದು ಬೇರೆ ಎಂದಳು. ಬಾಯಿಯ ಅಗಲಕ್ಕೆ ತಕ್ಕಷ್ಟು ಉರಿ ಬೇಕು, ಅದೂ ಒಂದೇ ಕಡೆ ಅಲ್ಲ ಎಂದು ವಿವರಿಸಿದಳು. ತಲೆಯಾಡಿಸಿದೆ. ಅರ್ಥವಾಗಲಿಲ್ಲ.

ಹೋಂಸ್ಟೇಯವನು ಜೀಪಿನಲ್ಲಿ ಬಂದ. ಅಗಲದವು ಜಾಗ ತಿನ್ನುತ್ತವೆ ಎಂದು ಬದಿಗಿಟ್ಟು, ಕಿರಿದೊಂದನ್ನು ಕೈಗೆತ್ತಿಕೊಂಡ. ಹಚ್ಚಿ ತೋರಿಸಿದೆವು. ಅವನಿಗೆ ಹಿಡಿಸಿತು. ಅಲ್ಲಿಗೆ ಮುಗಿಯಬೇಕಿತ್ತು. ಅಜ್ಜಿ ನೀವೇನಂತೀರಿ ಎಂದು ಅವನೇ ನನ್ನನ್ನು ಕೇಳಿದ.

"ಉರಿಯೋದೇನೋ ಚೆಂದ ಉರೀತದೆ. ಆದ್ರೆ ಒಂದನ್ನೇ ಹಚ್ಬೇಡ. ಒಂಟಿ ಬತ್ತಿ ಎಲ್ಲಿ ಹಚ್ಚೋದು ಅಂತ ನಿಂಗೂ ಗೊತ್ತಲ್ಲ" ಎಂದೆ.

ಅವನು ಗರಟೆಯನ್ನು ಕೆಳಗಿಟ್ಟ. ಮಗಳ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕೇಳಿದ್ದಕ್ಕೆ ಹೇಳಿದ್ದಲ್ಲವೇ, ಹೇಳಬಾರದಿತ್ತೋ ಏನೋ, ನನಗೆ ತಿಳಿಯಲಿಲ್ಲ.

"ನಮ್ಮಮ್ಮ ಇದನ್ನ ಒಳಗೇ ತರಕ್ಕೆ ಬಿಡೋದಿಲ್ಲ ಮಾರಾಯ್ತಿ" ಎಂದ ಮಗಳಿಗೆ. ಉರಿಯುತ್ತಿದ್ದುದರ ಪಕ್ಕ ಇನ್ನೊಂದು ಗರಟೆ ಸರಿಸಿಟ್ಟು, "ಹಂಗಾರೆ ಒಂದ್ ಕೆಲ್ಸ ಮಾಡು. ರೂಮಿಗೆ ಎರಡೆರಡು ಕೊಡು" ಎಂದ.

ಜೀಪು ಹೋದ ಮೇಲೆ ಮಗಳು ನನ್ನನ್ನು ಹೊಗಳಲಿಲ್ಲ. ಇನ್ನು ಮುಂದೆ ಗಿರಾಕಿ ಬಂದಾಗ ನೀನು ಹಿತ್ತಿಲಲ್ಲಿರು ಎಂದಳು.

ಈಗ ಮಿಷನ್‌ಗೆ ಬಟ್ಟೆ ಹೊದಿಸಿದ್ದಾಳೆ, ಅದರ ಮೇಲೆ ಗರಟೆ ಹರವಿ ಒಣಗಿಸುತ್ತಾಳೆ. ಯಾವ ಬತ್ತಿ ಒಳ್ಳೆಯದು ಎಂದು ನನ್ನನ್ನು ಕೇಳಿದರೆ ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ಅನುಮಾನ ಬೇರೆ ಹತ್ತಿಕೊಂಡಿದೆ. ಅಲ್ಲಿ ಉಳಿಯುವವರು ಪರವೂರಿನವರು. ಕೊಟ್ಟ ಎರಡರಲ್ಲಿ ಒಂದನ್ನು ಮಂಚದ ಹತ್ತಿರ, ಇನ್ನೊಂದನ್ನು ಬಚ್ಚಲಲ್ಲಿ ಇಟ್ಟುಕೊಂಡರೆ ಅದು ಒಂಟಿಯೋ, ಜೋಡಿಯೋ? ಮಗಳನ್ನು ಕೇಳಿದೆ. ಅವಳು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಗರಟೆ ಅಳೆಯಲು ಎದ್ದು ಹೋದಳು.