ಮಷಿನ್ ನಿಲ್ಲಿಸುವ ಸನ್ನೆ

ನಮ್ಮ ಮನೆಯಲ್ಲಿ ಯಾರೂ ಮೆತ್ತಗೆ ಮಾತಾಡಿದವರಲ್ಲ. ಕಲಬುರಗಿ ಕಡೆಯಿಂದ ಬಂದು ಪೀಣ್ಯದಲ್ಲಿ ಪವರ್ ಪ್ರೆಸ್ಸಿನ ಮುಂದೆ ಆಯುಷ್ಯವೆಲ್ಲ ನಿಂತವನು ನಾನು. ಈಗ ಮಗ, ಸೊಸೆಗೂ ಅದೇ ಕೆಲಸ. ತಗಡು ಒತ್ತುವ ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅಲ್ಲಿ ಎಲ್ಲವೂ ಕೈಸನ್ನೆ. ಹೆಬ್ಬೆರಳು ಬಾಯಿಗೆ ಒಯ್ದರೆ ಚಹಾ, ಅಂಗೈ ಅಡ್ಡ ಬೀಸಿದರೆ ಮಷಿನ್ ನಿಲ್ಲಿಸು. ರಾಜಗೋಪಾಲನಗರದ ನಮ್ಮ ಒಂದು ಕೋಣೆಯ ಬಾಡಿಗೆ ಮನೆಗೂ ಅದೇ ಸನ್ನೆ, ಅದೇ ಕೂಗು ಬಂದು ಸೇರಿಕೊಂಡವು. ಹೀಗಾಗಿ ಎರಡನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ಕಿವಿ ಮಂದ ಎಂಬುದೇ ನಮಗೆ ತಿಳಿಯಲಿಲ್ಲ. ನಾವು ಕೂಗುತ್ತಿದ್ದೆವು, ಅವಳು ನಮ್ಮ ಕೈ ನೋಡುತ್ತಿದ್ದಳು, ಸಂಸಾರ ನಡೆಯುತ್ತಿತ್ತು.

ಹುಡುಗಿಗೆ ಪಾಠದ ಮೇಲೆ ಲಕ್ಷ್ಯವಿಲ್ಲ ಎಂದು ಟೀಚರ್ ಹೇಳಿದಾಗ ನಾನು ಅವಳನ್ನೇ ಗದರಿದ್ದೆ. ಅದು ನೆನಪಾದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಆಮೇಲೆ ಪೀಣ್ಯದ್ದೇ ಒಂದು ಕಂಪನಿ ದಾನದ ದುಡ್ಡು ಕೊಟ್ಟು, ಶಾಲೆಯಲ್ಲಿ ಮುರಿದ ಬೆಂಚು ತುಂಬಿದ್ದ ಕೋಣೆಯನ್ನು ಕ್ಲಿನಿಕ್ ಮಾಡಿಸಿತು. ಅಲ್ಲಿಯ ನರ್ಸಮ್ಮ ಮಕ್ಕಳ ಕಣ್ಣು, ಹಲ್ಲು, ಕಿವಿ ಎಲ್ಲ ನೋಡುತ್ತಾರೆ. ಒಂದು ಮಧ್ಯಾಹ್ನ ನಮಗೆ ಕರೆ ಬಂತು. ಮಗ, ಸೊಸೆ ಶಿಫ್ಟಿನಲ್ಲಿದ್ದರು, ನಾನೇ ಹೋದೆ.

"ಅಜ್ಜ, ಇಲ್ನೋಡಿ," ಎಂದು ನರ್ಸಮ್ಮ ಮೊಮ್ಮಗಳ ಮುಂದೆ ನಿಂತು ಹೆಸರು ಕರೆದರು. ಅವಳು ಕೈ ಎತ್ತಿದಳು. ಬೆನ್ನ ಹಿಂದೆ ಹೋಗಿ ಅದೇ ದನಿಯಲ್ಲಿ ಕರೆದರು. ಅವಳು ಕಿಟಕಿಯಾಚೆಯ ಕಾಗೆ ನೋಡುತ್ತ ಕೂತೇ ಇದ್ದಳು.

"ಮನ್ಯಾಗ ಎಲ್ಲಾ ಕೇಳಸ್ತದರಿ ಮೇಡಂ!" ಎಂದೆ.

"ನೀವು ಹಿಂಗೆ ಕಿರುಚಿದ್ರೆ ಪಕ್ಕದ ಫ್ಯಾಕ್ಟರಿಗೂ ಕೇಳ್ಸುತ್ತೆ ಅಜ್ಜ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಿವಿಗೆ ಮಷಿನ್ ಹಾಕಿದರೆ ಕೇಳಿಸಬಹುದು, ಕೇಳಿಸದೆಯೂ ಇರಬಹುದು. ದೊಡ್ಡ ಡಾಕ್ಟರು ಬಂದು ಪರೀಕ್ಷೆ ಮಾಡಿಯೇ ಹೇಳಬೇಕು, ಖರ್ಚೆಲ್ಲ ಕ್ಲಿನಿಕ್ಕಿನದೇ ಎಂದರು. ಡಾಕ್ಟರು ಬರಲು ಹದಿನೈದು ದಿನ. ಆ ದಿನಗಳಲ್ಲಿ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಊಟದ ತಟ್ಟೆ ಬಿಟ್ಟು ಏಳುತ್ತಿದ್ದೆ. ದಿನಾ ಶಾಲೆಯ ಗೇಟಿಗೆ ಹೋಗಿ ನಿಲ್ಲುತ್ತಿದ್ದೆ.

"ಇವತ್ತೂ ಬಂದ್ರಾ?" ಎಂದರು ನರ್ಸಮ್ಮ.

"ಹಂಗ ಈ ಕಡೆ ಹೊಂಟಿದ್ನಿರಿ."

"ಎಲ್ಲಿಗೆ ಅಜ್ಜ? ರಸ್ತೆ ಇಲ್ಲಿಗೇ ಮುಗ್ದೋಗುತ್ತಲ್ಲ!"

ಡಾಕ್ಟರು ಬಂದರು. ಪರೀಕ್ಷೆ ಮುಗಿಯುವವರೆಗೆ ಶಾಲೆಯ ಕಾಂಪೌಂಡ್ ಎಷ್ಟು ಸುತ್ತಿದೆನೋ ಲೆಕ್ಕವಿಲ್ಲ. ಕಿವಿಯಲ್ಲಿ ಇನ್ನೂ ಶಕ್ತಿಯಿದೆ, ಮಷಿನ್ ಕೆಲಸ ಮಾಡುತ್ತದೆ ಎಂದರು. ಕಿವಿಯ ಅಳತೆ ತೆಗೆದುಕೊಂಡು ಹೋದರು. ಮತ್ತೆ ಕಾಯುವ ಕೆಲಸ, ಮತ್ತೆ ಗೇಟು.

ಕಡೆಗೆ ಹೋದ ಸೋಮವಾರ ಗೋಡಂಬಿಯಷ್ಟು ದೊಡ್ಡ ಮಷಿನ್ ಅವಳ ಕಿವಿಯ ಹಿಂದೆ ಕೂತಿತು. "ಹಿಂದೆ ನಿಂತ್ಕೊಂಡು ಮೆಲ್ಲಗೆ ಕರೀರಿ ಅಜ್ಜ," ಎಂದರು ನರ್ಸಮ್ಮ. ಮೆಲ್ಲಗೆ ಎಂದರೆ ಹೇಗೆ? ಸಂತೋಷವೋ ಹೆದರಿಕೆಯೋ, ಜೀವ ಬಾಯಿಗೆ ಬಂದಿತ್ತು. "ಕೂಸೇ!" ಎಂದು ಒದರಿಬಿಟ್ಟೆ.

ಹುಡುಗಿ ಬೆಚ್ಚಿಬಿದ್ದು ತಿರುಗಿದಳು. ನನ್ನನ್ನು ದುರುಗುಟ್ಟಿ ನೋಡಿ ಅಂಗೈ ಅಡ್ಡ ಬೀಸಿದಳು: ಮಷಿನ್ ನಿಲ್ಲಿಸು! ಕೋಣೆಯವರೆಲ್ಲ ನಕ್ಕರು. ನಾನು ಟವಲಿನಲ್ಲಿ ಮುಖ ಮುಚ್ಚಿಕೊಂಡೆ.

ಈಗ ಕಾಯುವುದು ಏನೂ ಇಲ್ಲ, ಆದರೂ ಕೂರಲಾಗುತ್ತಿಲ್ಲ. ಅವಳು ಹೋಂವರ್ಕ್ ಬರೆಯುತ್ತಿದ್ದರೆ ಹಿಂದೆ ನಿಂತು, ದನಿ ತಗ್ಗಿಸಿ, ಮೆತ್ತಗೆ ಕರೆಯುತ್ತೇನೆ. "ಏನ್ ಮುತ್ಯಾ?" ಎಂದು ತಿರುಗುತ್ತಾಳೆ. "ಏನಿಲ್ಲವ್ವಾ," ಎನ್ನುತ್ತೇನೆ. ಒಂದು ಗಳಿಗೆ ತಡೆದು ಮತ್ತೆ ಕರೆಯುತ್ತೇನೆ. ಇವತ್ತು ಏಳನೆಯ ಸಲಕ್ಕೆ ಅವಳು ತಿರುಗಲೂ ಇಲ್ಲ, ಪೆನ್ಸಿಲ್ ಎತ್ತಲೂ ಇಲ್ಲ.

"ಕೇಳಸ್ತದ ಮುತ್ಯಾ, ಸುಮ್ನ ಕುಂದ್ರು."

ಕುಳಿತೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದೆ.